ಮುಯ್ಯಾಳಿಗೂ ಒಂದು ಲೆಕ್ಕದ ಪುಸ್ತಕವಿರಲಿ



ಮುಂಗಾರು ಚೆನ್ನಾಗಿ ಬಿದ್ದು ಕೆರೆಗೆ ನೀರು ಬಂದೊಡನೆ ಊರಿನ ಎಲ್ಲರ ಗದ್ದೆಯೂ ಒಂದೇ ವಾರದಲ್ಲಿ ನಾಟಿಗೆ ಸಿದ್ಧವಾಗುತ್ತದೆ. ಆಗ ಕೈಯಲ್ಲಿ ಹಣವಿದ್ದರೂ ಆಳು ಸಿಗುವುದಿಲ್ಲ. ಮಧ್ಯಮಾವಧಿ ಭತ್ತದ ಪೈರನ್ನು 21ರಿಂದ 25 ದಿನಗಳ ವಯಸ್ಸಿನಲ್ಲಿ ಕಿತ್ತು ನೆಡಬೇಕು. ಆಳಿಗಾಗಿ ಕಾದರೆ ಪೈರು ಮಡಿಯಲ್ಲೇ ಬಲಿಯುತ್ತದೆ. ನೆಟ್ಟ ಮೇಲೆ ತೆಂಡೆ ಕಡಿಮೆಯಾಗಿ ಇಳುವರಿ ಕುಗ್ಗುತ್ತದೆ. ಬೀಜ, ಗೊಬ್ಬರಕ್ಕೆ ಹಾಕಿದ ಹಣಕ್ಕೂ ತಕ್ಕ ಫಲ ಸಿಗದು.

ಈ ತೊಂದರೆಗೆ ನಮ್ಮ ಹಿರಿಯರು ಕಂಡುಕೊಂಡಿದ್ದ ಉಪಾಯವೇ ಮುಯ್ಯಾಳು. ಇಂದು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಕೂಲಿಯ ಮಾತಿಲ್ಲ, ಆಳಿಗೆ ಆಳೇ ಪ್ರತಿಫಲ. ಆದರೆ ಮನೆಯ ಮಕ್ಕಳು ಪಟ್ಟಣ ಸೇರಿದಂತೆ, ದುಡ್ಡಿನ ಕೂಲಿ ಹೆಚ್ಚಿದಂತೆ ಈ ಪದ್ಧತಿ ಹಲವು ಊರುಗಳಲ್ಲಿ ಹಿಂದೆ ಬಿದ್ದಿತು. ಇನ್ನೊಂದು ಕಾರಣವೂ ಉಂಟು. ಯಾರು ಯಾರಿಗೆ ಎಷ್ಟು ಆಳು ಕೊಡಬೇಕೆಂಬುದು ಬರೀ ನೆನಪಿನಲ್ಲಿ ಇರುತ್ತಿತ್ತು. ಇಬ್ಬರ ನೆನಪು ಎರಡು ಬಗೆಯಾದಾಗ ಮನಸ್ತಾಪ ಹುಟ್ಟುತ್ತಿತ್ತು.

ಸಮಯ ಬ್ಯಾಂಕು ಎಂದರೇನು?

ಇದೇ ವಿಚಾರವನ್ನು ಬೇರೆ ದೇಶಗಳಲ್ಲಿ ಲೆಕ್ಕವಿಟ್ಟು ನಡೆಸಿದ್ದಾರೆ. ಜಪಾನಿನ ಒಸಾಕಾದಲ್ಲಿ ತೆರುಕೊ ಮಿಜುಶಿಮಾ ಎಂಬ ಮಹಿಳೆ 1973ರಲ್ಲಿ ಇಂಥ ಶ್ರಮ ಬ್ಯಾಂಕನ್ನು ಆರಂಭಿಸಿದರು. ಅಮೆರಿಕದಲ್ಲಿ ಎಡ್ಗರ್ ಕಾನ್ ಎಂಬ ವಕೀಲರು 1980ರ ದಶಕದಲ್ಲಿ ಇದನ್ನು ಪ್ರಚಾರಕ್ಕೆ ತಂದರು. ಇಲ್ಲಿ ಹಣದ ಬದಲು ಗಂಟೆಯೇ ನಾಣ್ಯ. ಒಬ್ಬರಿಗೆ ಒಂದು ಗಂಟೆ ದುಡಿದರೆ ನಿಮ್ಮ ಹೆಸರಿಗೆ ಒಂದು ಗಂಟೆ ಜಮಾ ಆಗುತ್ತದೆ.

ಮುಯ್ಯಾಳಿಗೂ ಇದಕ್ಕೂ ಒಂದೇ ಮುಖ್ಯ ವ್ಯತ್ಯಾಸ. ಮುಯ್ಯಾಳಿನಲ್ಲಿ ಋಣವು ಎರಡು ಮನೆಗಳ ನಡುವೆ ಇರುತ್ತದೆ. ಸಮಯ ಬ್ಯಾಂಕಿನಲ್ಲಿ ಋಣವು ಇಡೀ ಗುಂಪಿಗೆ ಸೇರುತ್ತದೆ. ನೀವು ದುಡಿದದ್ದು ಒಬ್ಬರಿಗಾದರೂ ಮರಳಿ ಪಡೆಯುವುದು ಮತ್ತೊಬ್ಬರಿಂದ ಆಗಬಹುದು. ಆದ್ದರಿಂದ ಬಗ್ಗಿ ನಾಟಿ ಮಾಡಲಾರದ ವಯಸ್ಸಾದವರು ನಾಟಿಗೆ ಹೋದ ತಾಯಂದಿರ ಕೂಸುಗಳನ್ನು ನೋಡಿಕೊಂಡು ತಮ್ಮ ಪಾಲನ್ನು ತೀರಿಸಬಹುದು.

ಒಂದು ಲೆಕ್ಕ ನೋಡಿ

ಆರು ಮನೆಗಳಿವೆ, ಮನೆಗೊಂದು ಎಕರೆ ಗದ್ದೆ ಎಂದುಕೊಳ್ಳಿ. ಮನೆಗೆ ಇಬ್ಬರಂತೆ ಹನ್ನೆರಡು ಮಂದಿ ಸೇರಿ ದಿನಕ್ಕೊಂದು ಎಕರೆ ನೆಟ್ಟರೆ ಆರು ದಿನದಲ್ಲಿ ಎಲ್ಲರ ಕೆಲಸವೂ ಮುಗಿಯುತ್ತದೆ. ಪ್ರತಿ ಮನೆಯೂ ಹೊರಗೆ ಹತ್ತು ಆಳು ಕೊಟ್ಟು ಹತ್ತು ಆಳು ಪಡೆದಿರುತ್ತದೆ. ಬಾಕಿ ಇಲ್ಲ.

ಇವರಲ್ಲಿ ಒಬ್ಬರಿಗೆ ಎರಡು ಎಕರೆ ಇದ್ದರೆ ಕೆಲಸ ಏಳು ದಿನವಾಗುತ್ತದೆ. ಆ ಮನೆ ಇಪ್ಪತ್ತು ಆಳು ಪಡೆದು ಹತ್ತು ಆಳು ಕೊಟ್ಟಿರುತ್ತದೆ, ಹತ್ತು ಬಾಕಿ. ಉಳಿದ ಐದು ಮನೆಗಳಿಗೆ ತಲಾ ಎರಡು ಆಳು ಬರಬೇಕು. ಈ ಬಾಕಿಯನ್ನು ಕಳೆ ಕೀಳುವಾಗಲೋ ಕಣದ ಕೆಲಸದಲ್ಲೋ ತೀರಿಸಬಹುದು. ಪುಸ್ತಕದಲ್ಲಿ ಬರೆದಿದ್ದರೆ ಯಾರೂ ಮರೆಯುವಂತಿಲ್ಲ.

ಸಸಿಮಡಿಯೂ ಸರದಿಯಂತೆ

ಎಲ್ಲರೂ ಒಂದೇ ದಿನ ಒಟ್ಲು ಹಾಕಿದರೆ ಮೊದಲ ಸರದಿ ಯಾರದೆಂಬ ಜಗಳ ತಪ್ಪದು. ನಾಟಿಯ ಸರದಿಯನ್ನು ಮೊದಲೇ ನಿರ್ಧರಿಸಿ, ಅದೇ ಕ್ರಮದಲ್ಲಿ ಒಂದೊಂದು ದಿನ ಬಿಟ್ಟು ಸಸಿಮಡಿಯಲ್ಲಿ ಬಿತ್ತಬೇಕು. ಆಗ ಕೊನೆಯ ಮನೆಯ ಪೈರಿನ ವಯಸ್ಸೂ ಮೊದಲ ಮನೆಯದಷ್ಟೇ ಇರುತ್ತದೆ. ಮಳೆಯಿಂದ ಒಂದು ದಿನ ಕೆಲಸ ನಿಂತರೆ ಎಲ್ಲರ ಸರದಿಯೂ ಒಂದು ದಿನ ಮುಂದೆ ಹೋಗಬೇಕೇ ಹೊರತು ಯಾರ ಸರದಿಯನ್ನೂ ದಾಟಬಾರದು. ಮುಂದಿನ ವರ್ಷ ಸರದಿಯನ್ನು ಬದಲಿಸಬೇಕು.

ಗಮನದಲ್ಲಿಡಬೇಕಾದ ಅಂಶಗಳು

1. ಆರರಿಂದ ಹತ್ತು ಮನೆಗಳ ಗುಂಪು ಸಾಕು. ಗದ್ದೆಗಳು ಹತ್ತಿರವಿರಬೇಕು.

2. ಹೆಣ್ಣಾಳಿನ ಒಂದು ಗಂಟೆ, ಗಂಡಾಳಿನ ಒಂದು ಗಂಟೆ ಪುಸ್ತಕದಲ್ಲಿ ಸಮವಾಗಿರಬೇಕು. ನಾಟಿ, ಕಳೆಯ ಭಾರ ಹೊರುವವರು ಬಹುಪಾಲು ಹೆಂಗಸರೇ. ಅವರ ದುಡಿಮೆಯನ್ನು ಮುಕ್ಕಾಲಾಗಿ ಬರೆದರೆ ಗುಂಪು ಬಹಳ ದಿನ ಬಾಳದು.

3. ಜೋಡೆತ್ತು, ಟಿಲ್ಲರ್‌ಗಳ ಕೆಲಸಕ್ಕೆ ಎಷ್ಟು ಆಳು ಸಮ ಎಂಬುದನ್ನು ಮುಂಗಾರಿಗೆ ಮೊದಲೇ ಸಭೆಯಲ್ಲಿ ತೀರ್ಮಾನಿಸಿ. ಎಣ್ಣೆಯ ಖರ್ಚು ಗದ್ದೆಯವರದು.

4. ಊಟದ ವಿಷಯದಲ್ಲಿ ಪೈಪೋಟಿ ಬೇಡ. ಒಂದು ಮನೆಯಲ್ಲಿ ಪಾಯಸ ಮಾಡಿದರೆ ಬಡವರ ಮನೆಗೆ ಅದು ಸಾಲವಾಗುತ್ತದೆ. ಎಲ್ಲ ಮನೆಗಳಲ್ಲೂ ಒಂದೇ ಬಗೆಯ ಸಾದಾ ಊಟವಿರಲಿ, ಇಲ್ಲವೇ ಅವರವರ ಬುತ್ತಿ ಅವರೇ ತರಲಿ.

5. ಯಾವ ಮನೆಯ ಬಾಕಿಯೂ ಇಷ್ಟು ಆಳಿಗಿಂತ ಮೀರಬಾರದೆಂಬ ಮಿತಿ ಇರಲಿ. ಸುಗ್ಗಿ ಮುಗಿದೊಡನೆ ಎಲ್ಲರ ಎದುರು ಲೆಕ್ಕ ಓದಿ, ಉಳಿದ ಬಾಕಿಯನ್ನು ಒಪ್ಪಿದ ಕೂಲಿ ದರದಲ್ಲಿ ಹಣವಾಗಿ ತೀರಿಸಿಬಿಡಿ.

6. ಮನೆಯಲ್ಲಿ ಕಾಯಿಲೆ, ಸಾವುನೋವು ಬಂದವರಿಗೆ ಆ ಹಂಗಾಮಿನ ಬಾಕಿ ತೀರಿಸಲು ಮುಂದಿನ ಹಂಗಾಮಿನವರೆಗೆ ಅವಕಾಶ ಕೊಡಬೇಕು.

ಭೂಮಿ ಇಲ್ಲದವರ ವಿಷಯ

ಭೂಮಿ ಇಲ್ಲದ ಕೂಲಿಕಾರರನ್ನು ಮುಯ್ಯಿಯ ಹೆಸರಿನಲ್ಲಿ ಬಿಟ್ಟಿ ದುಡಿಸಬಾರದು. ಅವರಿಗೆ ಮರಳಿ ನಾಟಿ ಮಾಡಿಕೊಡಲು ಗದ್ದೆಯೇ ಇಲ್ಲ, ಅಂದಿನ ಕೂಲಿಯಿಂದಲೇ ಅವರ ಒಲೆ ಉರಿಯಬೇಕು. ಅವರಿಗೆ ಹಣದ ಕೂಲಿಯನ್ನೇ ಕೊಡಿ. ತಾವಾಗಿ ಸೇರಲು ಇಷ್ಟಪಟ್ಟರೆ ಮನೆಯ ದುರಸ್ತಿ, ಸೌದೆ ಸಾಗಣೆ ಮುಂತಾದ ಅವರಿಗೆ ಬೇಕಾದ ಕೆಲಸದಲ್ಲಿ ಗಂಟೆಗೆ ಗಂಟೆ ತೀರಿಸಿ.

ಈ ಕೆಲಸಕ್ಕೆ ಬಂಡವಾಳ ಬೇಡ. ಒಂದು ನೋಟು ಪುಸ್ತಕ, ಬರೆಯಬಲ್ಲ ಒಬ್ಬ ಹುಡುಗ ಅಥವಾ ಹುಡುಗಿ, ಪ್ರತಿ ಸಂಜೆ ಹತ್ತು ನಿಮಿಷ ಇದ್ದರೆ ಸಾಕು. ಬರುವ ಮುಂಗಾರಿಗೆ ಒಟ್ಲು ಹಾಕುವ ಮೊದಲು ಅಕ್ಕಪಕ್ಕದ ಗದ್ದೆಯವರನ್ನು ಒಂದು ಸಂಜೆ ಮನೆಯ ಜಗಲಿಗೆ ಕರೆಯಿರಿ. ಮೊದಲ ವರ್ಷ ನಾಟಿಗೆ ಮಾತ್ರ ನಡೆಸಿ ನೋಡಿ. ಲೆಕ್ಕ ಸರಿಹೋದರೆ ಕಳೆಗೂ ಕಣಕ್ಕೂ ವಿಸ್ತರಿಸಿಕೊಳ್ಳಬಹುದು.