ಬೆಟ್ಟವೋ, ಬಾಗಿಲೋ?

ಕಳೆದ ನವೆಂಬರಿನಲ್ಲಿ ವೈಟ್‌ಫೀಲ್ಡಿನ ಕಂಪನಿಯೊಂದರ ರಾಜ್ಯೋತ್ಸವಕ್ಕೆ ಭಾಷಣಕಾರನಾಗಿ ಹೋಗಿದ್ದೆ. ಕನ್ನಡದ ಮೇಷ್ಟರಿಗೆ ವರ್ಷದಲ್ಲಿ ಆ ಒಂದು ತಿಂಗಳು ಬೇಡಿಕೆ ಹೆಚ್ಚೆಂಬುದನ್ನು ಓದುಗರು ಬಲ್ಲರು. ಕರೆದವರು ಬರುವುದು ತಡವಾದ್ದರಿಂದ ಹೆಬ್ಬಾಗಿಲ ಬಳಿ ಅರ್ಧ ಗಂಟೆ ಕಾಯಬೇಕಾಯಿತು. ಕಾವಲಿನವರು ನನ್ನ ಹೆಸರು, ಬಂದ ವೇಳೆ ಎರಡನ್ನೂ ದಪ್ಪ ಪುಸ್ತಕವೊಂದರಲ್ಲಿ ಬರೆದುಕೊಂಡು, ತಮ್ಮ ಕುರ್ಚಿಯನ್ನು ನನಗೆ ಕೊಟ್ಟು ತಾವು ನಿಂತರು. ಆ ನಿಲುವಿನಲ್ಲಿಯೇ ಸಿಪಾಯಿತನವಿತ್ತು. ವಿಚಾರಿಸಿದೆ. ಹಾಸನದ ಕಡೆಯವರು, ಹದಿನೇಳು ವರ್ಷ ಸೈನ್ಯದಲ್ಲಿದ್ದು ಹವಾಲ್ದಾರರಾಗಿ ನಿವೃತ್ತರಾದವರು, ಎರಡು ಸಲ ಲಡಾಖಿನಲ್ಲಿದ್ದವರು.

“ಅಲ್ಲಿ ಉಸಿರಾಡುವುದೇ ಒಂದು ಡ್ಯೂಟಿ, ಮೇಷ್ಟ್ರೇ. ಆದರೂ ಒಂದು ದಿನ ಮಲಗಲಿಲ್ಲ. ಈಗ ಬಿ.ಪಿ., ಸಕ್ಕರೆ ಎರಡೂ ಬಂದಿವೆ. ಆ ಬೆಟ್ಟ ಕೊಟ್ಟದ್ದೋ, ಈ ಗೇಟು ಕೊಟ್ಟದ್ದೋ ತಿಳಿಯದು” ಎಂದರು.

ಭಾಷಣ ಮುಗಿದರೂ ಆ ಮಾತು ನನ್ನನ್ನು ಬಿಡಲಿಲ್ಲ. ಇಂಥ ಪ್ರಶ್ನೆಗೆ ಉತ್ತರ ಹುಡುಕುವ ಶಾಸ್ತ್ರವೊಂದಿದೆ. ಕನ್ನಡದಲ್ಲಿ ಅದನ್ನು ಸಾಂಕ್ರಾಮಿಕ ರೋಗಶಾಸ್ತ್ರವೆನ್ನುವುದು ರೂಢಿ. ಆದರೆ ಹೆಸರು ಅದರ ಹರಹಿಗೆ ಕಿರಿದು. ಅಂಟುವ ರೋಗಗಳ ಬೆನ್ನುಹತ್ತಿ ಹುಟ್ಟಿದ ಆ ಶಾಸ್ತ್ರ ಇಂದು ಅಂಟದ ರೋಗಗಳನ್ನೂ ಅಳೆಯುತ್ತದೆ. ವೈದ್ಯ ನೋಡುವುದು ಒಬ್ಬ ರೋಗಿಯನ್ನು. ಈ ಶಾಸ್ತ್ರಜ್ಞ ನೋಡುವುದು ಸಾವಿರಾರು ಜನರನ್ನು. ರೋಗ ಯಾರಿಗೆ ಬಂತು, ಯಾರಿಗೆ ಬರಲಿಲ್ಲ, ಇವರ ಬಾಳಿಗೂ ಅವರ ಬಾಳಿಗೂ ಇದ್ದ ಅಂತರವೇನು ಎಂಬುದೇ ಅವನ ವಿಚಾರ.

ನಮ್ಮ ಸೈನಿಕರ ವಿಷಯದಲ್ಲಿಯೂ ಇಂಥ ಕೆಲಸ ನಡೆದಿದೆ. 1962ರ ಯುದ್ಧದಲ್ಲಿಯೂ ಅದರ ತರುವಾಯವೂ ಬಯಲುನಾಡಿನ ಯೋಧರು ಹಿಮಾಲಯದ ಎತ್ತರಕ್ಕೆ ಏರಬೇಕಾಯಿತು. ಇಂದರ್ ಸಿಂಗ್ ಮತ್ತು ಸಂಗಡಿಗರು ಅಲ್ಲಿ ಬೆಟ್ಟದ ಕಾಯಿಲೆಗೆ ಗುರಿಯಾದ 1,925 ಸೈನಿಕರ ವಿವರಗಳನ್ನು 1969ರಲ್ಲಿ ಪ್ರಕಟಿಸಿದರು. 1977ರಲ್ಲಿ ಹೊರಬಂದ ಮತ್ತೊಂದು ಅಧ್ಯಯನ ಇನ್ನೂ ಕುತೂಹಲಕರವಾದುದು. 1965ರಿಂದ 1972ರವರೆಗೆ, ಸುಮಾರು 12,000ದಿಂದ 18,000 ಅಡಿ ಎತ್ತರದಲ್ಲಿದ್ದ 20,000 ಸೈನಿಕರನ್ನು ಬಯಲಿನಲ್ಲಿದ್ದ 1,30,700 ಸೈನಿಕರೊಡನೆ ಅದು ಹೋಲಿಸಿತು. ರಕ್ತದೊತ್ತಡ, ಮಧುಮೇಹ, ಹೃದಯದ ರಕ್ತನಾಳಗಳ ರೋಗ ಇವು ಬೆಟ್ಟದ ಮೇಲಿದ್ದವರಲ್ಲಿಯೇ ಕಡಮೆಯಾಗಿ ಕಂಡವು!

ಹಾಗಾದರೆ ಬೆಟ್ಟ ನಿರ್ದೋಷಿಯೆಂದು ತೀರ್ಪು ಕೊಡಬಹುದೆ? ಅವಸರ ಸಲ್ಲದು. ಸೈನ್ಯಕ್ಕೆ ಸೇರುವಾಗಲೇ ದೇಹದಾರ್ಢ್ಯದ ಪರೀಕ್ಷೆಯುಂಟು. ಎತ್ತರಕ್ಕೆ ಕಳುಹುವಾಗ ಮತ್ತೊಂದು ಜರಡಿಯುಂಟು. ಜೊಳ್ಳನ್ನು ಮೊದಲೇ ತೂರಿದ ಮೇಲೆ ರಾಶಿಯಲ್ಲಿ ಗಟ್ಟಿಕಾಳೇ ಹೆಚ್ಚಿದ್ದರೆ ಅದು ಕಣದ ಮಹಿಮೆಯೆನ್ನಲಾದೀತೆ? ಶಾಸ್ತ್ರಜ್ಞರು ಇದನ್ನು ‘ಆರೋಗ್ಯವಂತ ಸೈನಿಕನ ಪರಿಣಾಮ’ವೆನ್ನುತ್ತಾರೆ. ಅಲ್ಲದೆ ಆ ಲೆಕ್ಕ ಸೇವೆಯಲ್ಲಿದ್ದವರದು. ಸಿಪಾಯಿ ನಲವತ್ತರ ಆಸುಪಾಸಿಗೇ ಸಮವಸ್ತ್ರ ಕಳಚುತ್ತಾನೆ. ಈ ರೋಗಗಳು ಹೆಚ್ಚಾಗಿ ತಲೆಯೆತ್ತುವುದು ಅಲ್ಲಿಂದಾಚೆಗೆ.

ಆದುದರಿಂದಲೇ ಅಮೆರಿಕದಲ್ಲಿ 2001ರಲ್ಲಿ ಆರಂಭವಾದ ಅಧ್ಯಯನವೊಂದು ಯೋಧರನ್ನು ನಿವೃತ್ತಿಯ ಮೇಲೂ ಬಿಡದೆ, ಕೆಲವು ವರ್ಷಗಳಿಗೊಮ್ಮೆ ಪ್ರಶ್ನಾವಳಿ ಕಳುಹಿಸಿ ಅವರ ಕ್ಷೇಮ ವಿಚಾರಿಸುತ್ತ ಬಂದಿದೆ. ನಮ್ಮಲ್ಲಿ ಮಾಜಿ ಸೈನಿಕರ ಚಿಕಿತ್ಸೆಗೆ 2003ರಿಂದ ಒಂದು ಆರೋಗ್ಯ ಯೋಜನೆಯಿದೆ; ಅದು ದೊಡ್ಡ ಉಪಕಾರವೇ. ಆದರೆ ಚಿಕಿತ್ಸೆ ಮಾಡುವುದು ಬೇರೆ, ಇಡೀ ಬಾಳಿನ ಲೆಕ್ಕವಿಡುವುದು ಬೇರೆ. ವೈಟ್‌ಫೀಲ್ಡು, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳ ಬಾಗಿಲುಗಳಲ್ಲಿ ಎಷ್ಟೋ ಮಾಜಿ ಯೋಧರು ರಾತ್ರಿಪಾಳಿಯಲ್ಲಿ ನಿಂತಿದ್ದಾರೆ. ದೀರ್ಘಕಾಲದ ರಾತ್ರಿಪಾಳಿಗೂ ಮಧುಮೇಹ, ಹೃದ್ರೋಗಗಳಿಗೂ ನಂಟಿರುವುದನ್ನು ಇದೇ ಶಾಸ್ತ್ರ ಬೇರೆ ದುಡಿಮೆಗಾರರಲ್ಲಿ ಕಂಡುಕೊಂಡಿದೆ.

ಮೊನ್ನೆ ಅದೇ ದಾರಿಯಲ್ಲಿ ಹೋದಾಗ ಇಳಿದು, ಓದಿದ್ದನ್ನು ಅವರಿಗೆ ಹೇಳಿದೆ. “ಹಳೆಯ ಕಾಗದಪತ್ರಗಳಿವೆಯೆ, ಹವಾಲ್ದಾರರೇ?” ಎಂದೆ.

“ಸೈನ್ಯದ್ದೆಲ್ಲ ಟ್ರಂಕಿನಲ್ಲಿದೆ, ತಾರೀಖಿನ ಸಮೇತ. ಆಮೇಲಿನದೆಂದರೆ ಔಷಧದ ಅಂಗಡಿಯ ಚೀಟಿಗಳು. ಅವನ್ನು ಯಾರು ಇಡುತ್ತಾರೆ?”

ಅವರ ಪ್ರಶ್ನೆಗೆ ಉತ್ತರವಾಗಬಲ್ಲ ಅರ್ಧ ಭಾಗ ಆ ಚೀಟಿಗಳೊಡನೆ ಹೋಗಿತ್ತು. ಇನ್ನು ಮೇಲಾದರೂ ಒಂದು ಪುಸ್ತಕದಲ್ಲಿ ಬರೆದಿಡಿ ಎಂದೆ. ನಕ್ಕರು. ಅಷ್ಟರಲ್ಲಿ ಕಾರೊಂದು ಬಂತು. ಅವರು ದಪ್ಪ ಪುಸ್ತಕವನ್ನು ತೆರೆದು ಅದರ ನಂಬರನ್ನೂ ವೇಳೆಯನ್ನೂ ಬರೆದುಕೊಂಡರು.