ಓಲೆಕಾರನಿಗೂ ಕಾವಲುಗಾರನಿಗೂ ಜಗಳವಾದಾಗ

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಅನೇಕ ಮನೆಗಳಲ್ಲಿ ಮಗ ಪುಣೆಯಲ್ಲಿ, ಮಗಳು ಬೆಂಗಳೂರಿನಲ್ಲಿ, ಮೊಮ್ಮಕ್ಕಳು ಅಮೇರಿಕೆಯಲ್ಲಿ ಇರುವುದು ಈಗ ಸಾಮಾನ್ಯ ಸಂಗತಿ. ಲಗ್ನಪತ್ರಿಕೆಯಿಂದ ಹಿಡಿದು ಮಠದ ಜಾತ್ರೆಯ ಕರೆಯವರೆಗೆ ಎಲ್ಲವೂ ವಾಟ್ಸಾಪಿನಲ್ಲಿಯೇ ಬರುತ್ತದೆ. ಒಂದು ಮುಂಜಾನೆ ಗಣಕಯಂತ್ರದಲ್ಲಿ ಅದು ತೆರೆಯದಿದ್ದರೆ, ಬಲ್ಲ ಹುಡುಗನೊಬ್ಬನು ಬಂದು ವೈರಸ್ ನಿರೋಧಕವನ್ನು ಆರಿಸಿಬಿಡುತ್ತಾನೆ. ಸಂದೇಶಗಳು ಹರಿದು ಬರುತ್ತವೆ, ಮನೆಯವರಿಗೆ ಸಂತೋಷ. ಆದರೆ ಆರಿಸಿದ ನಿರೋಧಕವನ್ನು ಮತ್ತೆ ಹಚ್ಚುವವರು ಯಾರು?

ಈ ಜಗಳ ಹಳೆಯದು. 1996ರಲ್ಲಿ ಐಸಿಕ್ಯೂ, 1999ರಲ್ಲಿ ಎಂಎಸ್ಎನ್ ಮೆಸೆಂಜರ್ ಬಂದಾಗಲೂ ಇದೇ ಪಾಡಿತ್ತು. ಆ ತಂತ್ರಾಂಶಗಳು ಇಂದಿಲ್ಲ. ಐಸಿಕ್ಯೂ 2024ರ ಜೂನ್ ತಿಂಗಳಲ್ಲಿ ಮುಚ್ಚಿತು. ಜಗಳ ಮಾತ್ರ ಉಳಿದಿದೆ.

ಕೆಲವೊಮ್ಮೆ ಇಬ್ಬರಲ್ಲಿ ಯಾರದೂ ತಪ್ಪಿರುವುದಿಲ್ಲ. ಹುಕ್ಕೇರಿಯ ನಮ್ಮ ಬಂಧುಗಳ ಮನೆಯಲ್ಲಿ ವಾಟ್ಸಾಪು ಸಂಪರ್ಕ ಪಡೆಯಲೊಲ್ಲದು, ನಿರೋಧಕವೂ ಹೊಸ ಮಾಹಿತಿಯನ್ನು ತರಿಸಿಕೊಳ್ಳಲೊಲ್ಲದು. ಎರಡನ್ನೂ ತೆಗೆದು ಮತ್ತೆ ಹಾಕಿದ್ದಾಯಿತು. ಕೊನೆಗೆ ನೋಡಿದರೆ ಯಂತ್ರದ ದಿನಾಂಕವೇ ಹಲವು ವರ್ಷ ಹಿಂದೆ ಸರಿದಿತ್ತು! ಮೇಜಿನ ಗಣಕಯಂತ್ರದೊಳಗೆ ನಾಣ್ಯದಂಥ ಸಣ್ಣ ಸೆಲ್ಲೊಂದಿರುತ್ತದೆ. ಅದು ಸತ್ತ ಮೇಲೆ, ವಿದ್ಯುತ್ತು ಹೋಗಿ ಬಂದಾಗಲೆಲ್ಲ ಗಡಿಯಾರವು ಕಾಲವನ್ನು ಮರೆಯುತ್ತದೆ. ಅಂತರಜಾಲದ ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಪ್ರಮಾಣಪತ್ರಗಳಿಗೆ ಆರಂಭದ ಹಾಗೂ ಮುಕ್ತಾಯದ ದಿನಾಂಕಗಳಿರುವುದರಿಂದ, ತಪ್ಪು ದಿನಾಂಕದ ಯಂತ್ರಕ್ಕೆ ಅವೆಲ್ಲ ಅಸಿಂಧುವಾಗಿ ತೋರುತ್ತವೆ. ಹೊಸ ಸೆಲ್ ಹಾಕಿದರೆ ತೀರಿತು. ಇಬ್ಬರೂ ಒಟ್ಟಿಗೆ ಮುನಿಸಿಕೊಂಡಾಗ ಮೊದಲು ಗಡಿಯಾರವನ್ನು ನೋಡಬೇಕು.

ದಿನಾಂಕ ಸರಿಯಿದ್ದೂ ತೊಂದರೆಯಾದರೆ ನಿರೋಧಕದ ಕಡೆಗೆ ತಿರುಗಬೇಕು. ಕೆಲವು ನಿರೋಧಕಗಳು ಗುಪ್ತಲಿಪಿಯ ಸಂಪರ್ಕವನ್ನೂ ನಡುವೆ ನಿಂತು ಬಿಚ್ಚಿ ನೋಡುತ್ತವೆ. ಅದಕ್ಕಾಗಿ ಮೂಲ ಪ್ರಮಾಣಪತ್ರದ ಬದಲು ತಮ್ಮದನ್ನು ಮುಂದಿಡುತ್ತವೆ. ಸಂದೇಶ ತಂತ್ರಾಂಶವು ಅದನ್ನು ಒಪ್ಪದೆ ಸಂಪರ್ಕವನ್ನೇ ಕಡಿದುಕೊಳ್ಳಬಹುದು. ಅಪರಿಚಿತನು ಲಕೋಟೆ ಒಡೆದನೆಂದು ಅದು ತಿಳಿಯುವುದು ಸಹಜವೇ. ಇನ್ನು ಒಂದೇ ಯಂತ್ರದಲ್ಲಿ ಹೊರಗಿನ ಎರಡು ನಿರೋಧಕಗಳನ್ನು ಹಾಕಿಕೊಳ್ಳುವವರೂ ಉಂಟು. ವಿಂಡೋಸಿನ ಸ್ವಂತ ಡಿಫೆಂಡರ್ ಹೊಸ ಕಾವಲುಗಾರ ಬಂದಾಗ ಸಾಮಾನ್ಯವಾಗಿ ತಾನೇ ಹಿಂದೆ ಸರಿಯುತ್ತದೆ. ಹೊರಗಿನ ಇಬ್ಬರಾದರೆ ಒಬ್ಬರಿಗೊಬ್ಬರು ಮಣಿಯುವುದಿಲ್ಲ. ಒಬ್ಬನನ್ನು ಕಳುಹಿಸಿಬಿಡುವುದೇ ಲೇಸು.

ಪರೀಕ್ಷೆಗಾಗಿ ನಿರೋಧಕವನ್ನು ಹತ್ತು ನಿಮಿಷ ತಡೆಹಿಡಿಯಬಹುದು. ಆ ಹೊತ್ತಿನಲ್ಲಿ ಯಾವ ಕಡತವನ್ನೂ ತೆರೆಯಬಾರದು. ದೋಷ ಅಲ್ಲಿಯೇ ಇದೆಯೆಂದು ಖಚಿತವಾದರೆ, ಎರಡನ್ನೂ ಹೊಸ ಆವೃತ್ತಿಗೆ ತಂದು, ಅನುಮತಿಯ ಪಟ್ಟಿಯಲ್ಲಿ ಆ ಒಂದು ತಂತ್ರಾಂಶವನ್ನಷ್ಟೇ ಸೇರಿಸಬೇಕು. ಬಂದ ಕಡತಗಳು ಇಳಿಯುವ ಡೌನ್‌ಲೋಡ್ ಕೋಶಕ್ಕೆ ಎಂದಿಗೂ ವಿನಾಯಿತಿ ಕೊಡಬಾರದು. ಸಂದೇಶವು ದಾರಿಯುದ್ದಕ್ಕೂ ಗುಪ್ತಲಿಪಿಯಲ್ಲಿರುವುದರಿಂದ, ಕಡತವನ್ನು ಕಾವಲುಗಾರನು ಸರಿಯಾಗಿ ಪರಿಶೀಲಿಸಬಲ್ಲ ಸ್ಥಳ ಅದೇ. 2025ರ ಏಪ್ರಿಲ್ ತಿಂಗಳಲ್ಲಿ ವಿಂಡೋಸಿನ ವಾಟ್ಸಾಪಿನಲ್ಲಿಯೇ ಒಂದು ಲೋಪ ಪ್ರಕಟವಾಯಿತು. ಚಿತ್ರದಂತೆ ಕಾಣುವ ಕಡತವನ್ನು ಅಲ್ಲಿಂದಲೇ ತೆರೆದರೆ ಅದು ಬೇರೊಂದು ಕ್ರಮವಿಧಿಯಾಗಿ ಓಡುವ ಸಂಭವವಿತ್ತು. 2.2450.6ನೆಯ ಆವೃತ್ತಿಯಲ್ಲಿ ಅದನ್ನು ಸರಿಪಡಿಸಲಾಗಿದೆ.

ವಾಟ್ಸಾಪಿನ ಹೆಸರಿನಲ್ಲಿ ತಿರುಗುವ ‘ಜಿಬಿ’ ಮುಂತಾದ ಅನಧಿಕೃತ ರೂಪಗಳನ್ನು ನಿರೋಧಕವು ತಡೆದರೆ ಅದನ್ನು ಜಗಳವೆನ್ನಲಾಗದು. ಅಲ್ಲಿ ಕಾವಲುಗಾರನ ಮಾತನ್ನೇ ಕೇಳಬೇಕು. ಮೊಬೈಲಿನಲ್ಲಂತೂ ಲಗ್ನಪತ್ರಿಕೆಯ ಸೋಗಿನಲ್ಲಿ ಕಡತಗಳು ಬರುತ್ತಿವೆ. ನಿಜವಾದ ಪತ್ರಿಕೆಯು ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಇರುತ್ತದೆ. ಹೆಸರಿನ ಕೊನೆಗೆ ‘ಎಪಿಕೆ’ ಎಂದಿದ್ದರೆ, ಕಳಿಸಿದವರು ಬೀಗರೇ ಆಗಿರಲಿ, ಅದನ್ನು ಮುಟ್ಟದೆ ಅವರಿಗೆ ಫೋನು ಮಾಡಿ ಕೇಳಿರಿ. ಅವರ ಮೊಬೈಲೇ ಕಳ್ಳರ ಕೈಸೇರಿರಬಹುದು. ಬ್ಯಾಂಕಿನ ಹಣ ಹೋದುದು ತಿಳಿದರೆ ತಡಮಾಡದೆ 1930ಕ್ಕೆ ಕರೆ ಮಾಡಿ ದೂರು ಕೊಡಿರಿ.