ಇನ್ಸುಲಿನ್: ಕಂಡುಹಿಡಿದರಷ್ಟೇ ಸಾಲದು

1922ರ ಜನವರಿ 11. ಕೆನಡಾದ ಟೊರಾಂಟೊ ಜನರಲ್ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಕಂದು ಬಣ್ಣದ ಬಗ್ಗಡದಂಥ ದ್ರವವೊಂದನ್ನು ಚುಚ್ಚಿದರು. ಮಧುಮೇಹದಿಂದ ಸೊರಗಿದ್ದ ಅವನ ತೂಕ ಮೂವತ್ತು ಕಿಲೋ ಕೂಡ ಇರಲಿಲ್ಲ. ರಕ್ತದ ಸಕ್ಕರೆ ಒಂದಿಷ್ಟು ಇಳಿಯಿತು, ಚುಚ್ಚಿದ ಜಾಗದಲ್ಲಿ ಕೀವು ಕಟ್ಟಿತು, ಹುಡುಗನ ಸ್ಥಿತಿ ಮಾತ್ರ ಸುಧಾರಿಸಲಿಲ್ಲ. ಇನ್ಸುಲಿನ್‌ನ ಮೊದಲ ಪ್ರಯೋಗ ನಿಜಕ್ಕೂ ಸೋತಿತ್ತು.

ಹುಡುಕಬೇಕಾದ ಜಾಗ ಯಾವುದೆಂಬುದು ಅದಕ್ಕೂ ಮೂರು ದಶಕಗಳ ಹಿಂದೆಯೇ ಗೊತ್ತಾಗಿತ್ತು. 1889ರಲ್ಲಿ ಸ್ಟ್ರಾಸ್‌ಬರ್ಗ್‌ನ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದು ನೋಡಿದ್ದರು. ನಾಯಿಗೆ ಮಧುಮೇಹ ಬಂದಿತ್ತು. ಆ ಗ್ರಂಥಿಯಲ್ಲಿ ಸಕ್ಕರೆಯನ್ನು ಹತೋಟಿಯಲ್ಲಿಡುವ ಏನೋ ಒಂದಿದೆ ಎಂದಾಯಿತು. ಆದರೆ ಅದನ್ನು ಹೊರತೆಗೆಯುವುದೇ ಪೇಚು. ಅದೇ ಗ್ರಂಥಿ ಪ್ರೊಟೀನ್ ಅರಗಿಸುವ ರಸವನ್ನೂ ತಯಾರಿಸುತ್ತದೆ, ಇನ್ಸುಲಿನ್ ಕೂಡ ಒಂದು ಪ್ರೊಟೀನೇ. ಗ್ರಂಥಿಯನ್ನು ಅರೆದರೆ ಬೇಕಾದದ್ದನ್ನು ಬೇಡವಾದದ್ದು ಹಾಳುಮಾಡಿಬಿಡುತ್ತದೆ. ಇನ್ಸುಲಿನ್ ಅನ್ನು ಮಾತ್ರೆಯಾಗಿ ನುಂಗಲಾಗದೆ ಸೂಜಿಯನ್ನೇ ನಂಬಬೇಕಾಗಿರುವುದಕ್ಕೂ ಇಂಥದೇ ಕಾರಣ: ಹೊಟ್ಟೆಗೆ ಹೋದರೆ ಅದೂ ಉಳಿದ ಪ್ರೊಟೀನುಗಳಂತೆ ಅರಗಿಹೋಗುತ್ತದೆ.

ಇನ್ಸುಲಿನ್ ಬರುವವರೆಗೆ ವೈದ್ಯರ ಕೈಯಲ್ಲಿದ್ದದ್ದು ಉಪವಾಸ ಚಿಕಿತ್ಸೆ. ಅಮೆರಿಕದ ಫ್ರೆಡರಿಕ್ ಅಲೆನ್ ಪ್ರಚುರಪಡಿಸಿದ ಈ ಪದ್ಧತಿಯಲ್ಲಿ ಮಕ್ಕಳಿಗೆ ಬದುಕಿರುವಷ್ಟಕ್ಕೆ ಮಾತ್ರ ಆಹಾರ. ಸಕ್ಕರೆಯಿಂದ ಇಂದು ಸಾಯುವ ಮಗು ಹಸಿವಿನಿಂದ ನಾಳೆ ಸಾಯುತ್ತಿತ್ತು ಎಂದರೆ ಒರಟಾಗಿ ಕೇಳಬಹುದು, ಆದರೆ ಆಗಿದ್ದದ್ದು ಅದೇ.

1921ರ ಬೇಸಿಗೆಯಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಎಂಬ ಯುವ ಶಸ್ತ್ರವೈದ್ಯ ಟೊರಾಂಟೊ ವಿಶ್ವವಿದ್ಯಾಲಯದ ಪ್ರೊಫೆಸರ್ ಮೆಕ್ಲಿಯಾಡ್ ಕೊಟ್ಟ ಪ್ರಯೋಗಾಲಯದಲ್ಲಿ, ಚಾರ್ಲ್ಸ್ ಬೆಸ್ಟ್ ಎಂಬ ವಿದ್ಯಾರ್ಥಿಯ ಜೊತೆ ನಾಯಿಗಳ ಮೇಲೆ ಪ್ರಯೋಗ ಶುರುಮಾಡಿದ ಕಥೆ ಎಲ್ಲರೂ ಕೇಳಿರುವಂಥದ್ದು. ನನ್ನ ಮಟ್ಟಿಗೆ ಈ ನಾಟಕದ ನಿಜವಾದ ನಾಯಕ ನಾಲ್ಕನೆಯವನು, ಜೇಮ್ಸ್ ಕಾಲಿಪ್ ಎಂಬ ರಸಾಯನವಿಜ್ಞಾನಿ. ಆಲ್ಕೋಹಾಲಿನ ಪ್ರಮಾಣವನ್ನು ಹಂತಹಂತವಾಗಿ ಏರಿಸಿದರೆ ಕಲ್ಮಶಗಳು ಮೊದಲು ಬೇರ್ಪಡುತ್ತವೆ, ಇನ್ಸುಲಿನ್ ಕೊನೆಗೆ ಗಷ್ಟಾಗಿ ಇಳಿಯುತ್ತದೆ ಎಂಬುದನ್ನು ಕಂಡುಕೊಂಡವನು ಅವನು. ಅವನು ಶುದ್ಧಮಾಡಿದ ಸಾರವನ್ನು ಜನವರಿ 23ರಂದು ಅದೇ ಲಿಯೊನಾರ್ಡ್‌ಗೆ ಕೊಟ್ಟಾಗ ಒಂದೇ ದಿನದಲ್ಲಿ ಸಕ್ಕರೆ 520ರಿಂದ 120ಕ್ಕೆ ಬಂತು. ಹುಡುಗ ಇನ್ನೂ 13 ವರ್ಷ ಬದುಕಿದ.

ಇಷ್ಟಾದ ಮೇಲೆ ಕಾಲಿಪ್‌ನ ಕೈಗುಣವೇ ಕೆಟ್ಟಿತು. ಹೆಚ್ಚು ಪ್ರಮಾಣದಲ್ಲಿ ತಯಾರಿಸಲು ಹೋದಾಗ ಔಷಧ ಬರಲೇ ಇಲ್ಲ. ಕೆಲವು ವಾರ ಟೊರಾಂಟೊದಲ್ಲಿ ಇನ್ಸುಲಿನ್‌ಗೆ ಬರ ಬಂತು. ಕೊನೆಗೆ ಅಮೆರಿಕದ ಎಲಿ ಲಿಲಿ ಕಂಪನಿಯನ್ನು ಸೇರಿಸಿಕೊಂಡು, ಕಸಾಯಿಖಾನೆಗಳಿಂದ ಬರುವ ದನ ಹಂದಿಗಳ ಗ್ರಂಥಿಗಳಿಂದ ಭಾರಿ ಪ್ರಮಾಣದಲ್ಲಿ ತೆಗೆಯುವ ದಾರಿ ಸಿಕ್ಕಿತು. ಪೇಟೆಂಟನ್ನು ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬರೆದುಕೊಟ್ಟರು. ಯಾರೊಬ್ಬರೂ ಅದನ್ನು ತಮ್ಮ ಸೊತ್ತಾಗಿಸಿಕೊಳ್ಳಬಾರದು, ಕಳಪೆ ಮಾಲು ಮಾರಬಾರದು ಎಂಬುದು ಉದ್ದೇಶ. 1923ರ ನೊಬೆಲ್ ಬ್ಯಾಂಟಿಂಗ್ ಮತ್ತು ಮೆಕ್ಲಿಯಾಡ್‌ಗೆ ಬಂತು. ಅವರು ಹಣವನ್ನು ಬೆಸ್ಟ್ ಮತ್ತು ಕಾಲಿಪ್ ಜೊತೆ ಹಂಚಿಕೊಂಡರು.

ಔಷಧ ಜಗತ್ತಿನಲ್ಲಿದ್ದರೂ ನಮ್ಮ ಊರಿನಲ್ಲಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಎರಡನೇ ಮಹಾಯುದ್ಧದ ಶಾಂಘೈ ಸಾಕ್ಷಿ. ನಾಜಿಗಳಿಂದ ತಪ್ಪಿಸಿಕೊಂಡು ಬಂದಿದ್ದ ಚೆಕ್ ಯಹೂದಿ ದಂಪತಿ ಇವಾ ಮತ್ತು ವಿಕ್ಟರ್ ಸ್ಯಾಕ್ಸಲ್ ಅಲ್ಲಿದ್ದರು. ಇವಾಗೆ ಮಧುಮೇಹ. ಜಪಾನೀಯರು ಇಡೀ ನಗರವನ್ನು ವಶಪಡಿಸಿಕೊಂಡ ಮೇಲೆ ಔಷಧದಂಗಡಿಗಳು ಮುಚ್ಚಿದವು. ಕಾಳಸಂತೆಯಲ್ಲಿ ಸಿಕ್ಕುತ್ತಿದ್ದದ್ದನ್ನು ನಂಬುವಂತಿರಲಿಲ್ಲ. ವಿಕ್ಟರ್ ಜವಳಿ ಎಂಜಿನಿಯರ್, ಇವಾ ಭಾಷಾ ಶಿಕ್ಷಕಿ. ಇಬ್ಬರೂ ಒಂದು ವೈದ್ಯಕೀಯ ಪಠ್ಯಪುಸ್ತಕವನ್ನು ಮುಂದಿಟ್ಟುಕೊಂಡು, ಎರವಲು ಪಡೆದ ಪ್ರಯೋಗಾಲಯದಲ್ಲಿ ಎಮ್ಮೆಯ ಗ್ರಂಥಿಯಿಂದ ಇನ್ಸುಲಿನ್ ತೆಗೆದರು, ಮೊಲಗಳ ಮೇಲೆ ಪರೀಕ್ಷಿಸಿದರು. ಮನುಷ್ಯರಲ್ಲಿ ಮೊದಲು ಚುಚ್ಚಿಕೊಂಡವಳು ಇವಾ. ಅದು ನಗರದ ಇತರ ಮಧುಮೇಹಿಗಳನ್ನೂ ಉಳಿಸಿತು. ಇವಾ 2002ರವರೆಗೂ ಬದುಕಿದ್ದಳು.

ಮುಂದಿನ ಅಧ್ಯಾಯದಲ್ಲಿ ನಮ್ಮ ಬೆಂಗಳೂರಿಗೂ ಪಾಲಿದೆ. ಫ್ರೆಡರಿಕ್ ಸ್ಯಾಂಗರ್ 1950ರ ದಶಕದಲ್ಲಿ ಇನ್ಸುಲಿನ್‌ನ 51 ಅಮೈನೊ ಆಮ್ಲಗಳು ಯಾವ ಕ್ರಮದಲ್ಲಿ ಕೂತಿವೆ ಎಂದು ತೋರಿಸಿದರೆ, ಅದರ ಮೂರು ಆಯಾಮದ ರಚನೆಯನ್ನು 1969ರಲ್ಲಿ ಬಿಡಿಸಿದ್ದು ಆಕ್ಸ್‌ಫರ್ಡ್‌ನ ಡೊರೊತಿ ಹಾಡ್ಜ್‌ಕಿನ್ ತಂಡ. ಮೂವತ್ತಕ್ಕೂ ಹೆಚ್ಚು ವರ್ಷ ಆ ಹರಳಿನ ಬೆನ್ನುಬಿದ್ದಿದ್ದರು ಆಕೆ. ಆ ತಂಡದಲ್ಲಿದ್ದ ಎಂ. ವಿಜಯನ್ ಡಾಕ್ಟರೇಟ್ ಮಾಡಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಹಿಂತಿರುಗಿ ಬಂದು ಅಲ್ಲೇ ದಶಕಗಳ ಕಾಲ ಪ್ರೊಟೀನ್ ರಚನೆಯ ಅಧ್ಯಯನ ನಡೆಸಿದರು.

ಹಂದಿಯ ಇನ್ಸುಲಿನ್ ಮನುಷ್ಯರದ್ದಕ್ಕಿಂತ ಒಂದೇ ಅಮೈನೊ ಆಮ್ಲದಲ್ಲಿ, ದನದ್ದು ಮೂರರಲ್ಲಿ ಭಿನ್ನ. ಆ ಅಂತರವನ್ನೂ ಅಳಿಸಿದ್ದು ತಳಿ ತಂತ್ರಜ್ಞಾನ. ಮನುಷ್ಯನ ಇನ್ಸುಲಿನ್ ತಯಾರಿಸುವ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ಪಡೆದ ಔಷಧಕ್ಕೆ ಅಮೆರಿಕ 1982ರಲ್ಲಿ ಅನುಮತಿ ಕೊಟ್ಟಿತು. ಕಸಾಯಿಖಾನೆಯ ಅವಲಂಬನೆ ಮುಗಿಯುತ್ತಾ ಬಂತು. ಬೆಂಗಳೂರಿನ ಬಯೋಕಾನ್ ಒಂದು ಬಗೆಯ ಯೀಸ್ಟ್‌ನಿಂದ ತಯಾರಿಸಿದ ಮಾನವ ಇನ್ಸುಲಿನ್ ಅನ್ನು 2004ರಲ್ಲಿ ಮಾರುಕಟ್ಟೆಗೆ ತಂದಿತು. ಅದೇ ಕಂಪನಿಯ ದೀರ್ಘಾವಧಿ ಇನ್ಸುಲಿನ್‌ಗೆ 2021ರಲ್ಲಿ ಅಮೆರಿಕದಲ್ಲಿ ಒಂದು ಮಾನ್ಯತೆ ಸಿಕ್ಕಿತು: ಔಷಧದಂಗಡಿಯವರು ದುಬಾರಿ ಬ್ರ್ಯಾಂಡಿನ ಬದಲು ಇದನ್ನೇ ನೇರವಾಗಿ ಕೊಡಬಹುದು. ಆ ಬಗೆಯ ಮಾನ್ಯತೆ ಪಡೆದ ಮೊದಲ ಇನ್ಸುಲಿನ್ ಅದು.

ಒಂದು ಡಾಲರಿಗೆ ಕೊಟ್ಟ ಔಷಧದ ಗತಿ ಅಮೆರಿಕದಲ್ಲೇ ಏನಾಯಿತು ನೋಡಿ. 1996ರಲ್ಲಿ ಸುಮಾರು 21 ಡಾಲರಿಗೆ ಬಂದ ಹುಮಲಾಗ್ ಎಂಬ ಇನ್ಸುಲಿನ್‌ನ ಬಾಟಲಿಯ ಪಟ್ಟಿ ಬೆಲೆ ಎರಡು ದಶಕಗಳಲ್ಲಿ 270 ಡಾಲರ್ ದಾಟಿತು. ಮಾರುಕಟ್ಟೆ ಮೂರೇ ಕಂಪನಿಗಳ ಹಿಡಿತದಲ್ಲಿತ್ತು. ಹೊಸ ಬಗೆಗಳಿಗೆ, ಪೆನ್ನುಗಳಿಗೆ ಹೊಸ ಪೇಟೆಂಟ್. ನಡುವೆ ರಿಯಾಯಿತಿ ಕುದುರಿಸುವ ದಲ್ಲಾಳಿಗಳು. ಜನ ಡೋಸ್ ಕಡಿಮೆ ಮಾಡಿಕೊಂಡರು, ಕೆಲವರು ಸತ್ತರು. ಸರ್ಕಾರ ಮತ್ತು ಜನರ ಒತ್ತಡ ಬಿದ್ದ ಮೇಲಷ್ಟೇ, 2023ರಲ್ಲಿ, ಕಂಪನಿಗಳು ಬೆಲೆ ಇಳಿಸಿದವು. ಇದನ್ನು ವಿಜ್ಞಾನದ ಸೋಲು ಎನ್ನಲಾಗದು, ಶುದ್ಧ ವ್ಯಾಪಾರದ ಸೋಲು.

ಭಾರತದಲ್ಲಿ ಬಾಟಲಿಯ ಬೆಲೆಗೆ ಸರ್ಕಾರದ ನಿಯಂತ್ರಣವಿದೆ, ಸಮಸ್ಯೆ ಬೇರೆ ಕಡೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಹತ್ತು ಕೋಟಿಗೂ ಮೀರಿ ಮಧುಮೇಹಿಗಳಿದ್ದಾರೆ. ಇವರಲ್ಲಿ ಬಹುಪಾಲು ಟೈಪ್ 2ನವರು, ಮಾತ್ರೆ ಮತ್ತು ಪಥ್ಯದಲ್ಲಿ ನಿಭಾಯಿಸುವವರೇ ಹೆಚ್ಚು. ಆದರೆ ಟೈಪ್ 1 ಇರುವ ಮಗುವಿನ ದೇಹ ಇನ್ಸುಲಿನ್ ತಯಾರಿಸುವುದೇ ಇಲ್ಲ. ಅದಕ್ಕೆ ದಿನಕ್ಕೆ ಹಲವು ಬಾರಿ ಚುಚ್ಚುಮದ್ದು, ಜೊತೆಗೆ ಸೂಜಿ, ಗ್ಲೂಕೋಮೀಟರ್, ಪ್ರತಿ ಸಲ ಹೊಸ ಪರೀಕ್ಷಾ ಪಟ್ಟಿ. ಕೂಲಿಯ ಮನೆಯಲ್ಲಿ ಬಾಟಲಿಗಿಂತ ಆ ಪಟ್ಟಿಯೇ ಭಾರ. ಫ್ರಿಜ್ ಇಲ್ಲದ ಮನೆಗೆ ಮಾತ್ರ ಒಂದು ಸಮಾಧಾನವಿದೆ: ಬಳಸಲು ತೆರೆದ ಇನ್ಸುಲಿನ್ 25ರಿಂದ 37 ಡಿಗ್ರಿ ನಡುವಿನ ಏರಿಳಿತದಲ್ಲೂ ನಾಲ್ಕು ವಾರ ಶಕ್ತಿ ಕಳೆದುಕೊಳ್ಳುವುದಿಲ್ಲ ಎಂದು ಕೀನ್ಯಾದ ನಿರಾಶ್ರಿತರ ಶಿಬಿರದ ತಾಪಮಾನವನ್ನು ಆಧರಿಸಿದ ಪ್ರಯೋಗ 2021ರಲ್ಲಿ ತೋರಿಸಿತು. ಒದ್ದೆ ಮಣ್ಣಿನ ಮಡಕೆಯ ತಂಪು ಸುಡುಬಿಸಿಲಿನ ದಿನಗಳಲ್ಲಿ ಚೆನ್ನಾಗಿಯೇ ನೆರವಾಗುತ್ತದೆ. ಹೆಪ್ಪುಗಟ್ಟಿದ ಇನ್ಸುಲಿನ್ ಮಾತ್ರ ಕೆಲಸಕ್ಕೆ ಬಾರದು, ಆದ್ದರಿಂದ ಫ್ರೀಜರಿನಲ್ಲಿಡಬೇಡಿ.

ಮನೆಯಲ್ಲಿ ಇನ್ಸುಲಿನ್ ಬಳಸುವವರು ಇನ್ನೆರಡು ಸಂಗತಿ ಗಮನಿಸಬೇಕು. ನಮ್ಮಲ್ಲಿ ಮಿಲಿಲೀಟರಿಗೆ 40 ಯೂನಿಟ್ ಮತ್ತು 100 ಯೂನಿಟ್, ಎರಡೂ ಬಗೆ ಸಿಗುತ್ತವೆ. ಕೆಂಪು ಮುಚ್ಚಳದ ಸಿರಿಂಜ್ 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. ನೂರರ ಔಷಧವನ್ನು ನಲವತ್ತರ ಸಿರಿಂಜಿನಲ್ಲಿ ತೆಗೆದರೆ ಡೋಸ್ ಎರಡೂವರೆ ಪಟ್ಟಾಗುತ್ತದೆ. ಇನ್ನು ಟೈಪ್ 1 ಇರುವ ಮಗುವಿನ ಇನ್ಸುಲಿನ್ ನಿಲ್ಲಿಸಿ ಕಷಾಯ ಕೊಡಿ ಎಂದು ಯಾರಾದರೂ ಹೇಳಿದರೆ, ಅವರೆಷ್ಟೇ ಹಿರಿಯರಾಗಿರಲಿ, ದಯವಿಟ್ಟು ಕೇಳಬೇಡಿ.